ಲಿಫ್ಟ್ ಹಾಕಿದ ಮೇಲೆ ಗಾಡಿ ಸರಿಯಿಲ್ಲವೇ? ಹಳೆಯ ಆಫ್‌ರೋಡ್ ಎಸ್‌ಯುವಿಗಳಿಗೆ ದೋಷ ನಿವಾರಣೆ ಕೈಪಿಡಿ

ಸಸ್ಪೆನ್ಷನ್ ಲಿಫ್ಟ್ (ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮುಂತಾದವುಗಳ ಕಿಟ್) ಹಾಕಿ ಮುಗಿಸಿದ ಗಾಡಿ ನಿಂತಲ್ಲಿ ಚೆನ್ನಾಗಿಯೇ ಕಾಣುತ್ತದೆ. ರಸ್ತೆಗಿಳಿಸಿದ ಮೇಲೆ ಒಂದೊಂದೇ ಶುರುವಾಗುತ್ತದೆ. ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ, 80ರ ವೇಗಕ್ಕೆ ಸೀಟಿನಡಿ ಗುಂಯ್‌ಗುಡುತ್ತದೆ, ಹಂಪ್ ದಾಟಿದಾಗಲೆಲ್ಲ ಎಲ್ಲೋ ‘ಟಕ್’ ಎನ್ನುತ್ತದೆ. ಆಗ ಹೆಚ್ಚಿನವರು ಕಿಟ್ಟೇ ಕಳಪೆ ಎಂದು ತೀರ್ಮಾನಿಸುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ಇನ್ನೊಂದು ದುಬಾರಿ ಭಾಗ ತಂದು ಸೇರಿಸುತ್ತಾರೆ. ಎರಡೂ ಅವಸರದ ಕೆಲಸ.

ಲಿಫ್ಟಿನ ನಂತರ ಕಾಣುವ ತೊಂದರೆಗಳಿಗೆ ಮೂಲ ಮೂರು: ಬಿಗಿ, ಸವೆತ, ಕೋನ. ಒಂದೋ ಯಾವುದೋ ಬೋಲ್ಟ್ ಸರಿಯಾಗಿ ಬಿಗಿಯಾಗಿಲ್ಲ, ಅಥವಾ ತಪ್ಪು ಸ್ಥಿತಿಯಲ್ಲಿ ಬಿಗಿಯಾಗಿದೆ. ಇಲ್ಲವೇ ವರ್ಷಗಳಿಂದ ಸವೆದು ಹೇಗೋ ನಡೆಯುತ್ತಿದ್ದ ಬುಷ್ಷು (ಜೋಡಣೆಗಳ ನಡುವಿನ ರಬ್ಬರ್ ಕೊಳವೆ), ಬಾಲ್ ಜಾಯಿಂಟುಗಳು (ಗುಂಡಿನಾಕಾರದ ಕೀಲುಗಳು) ಹೊಸ ಭಾರಕ್ಕೆ ಬಾಯಿಬಿಟ್ಟಿವೆ. ಅದೂ ಅಲ್ಲದಿದ್ದರೆ ಗಾಡಿ ಮೇಲೆದ್ದದ್ದರಿಂದ ಶಾಫ್ಟು, ರಾಡುಗಳ ಕೋನ ಬದಲಾಗಿದೆ. ಬಿಗಿ ನೋಡಲು ಖರ್ಚಿಲ್ಲ, ಸವೆತ ಸರಿಪಡಿಸಲು ಅಲ್ಪಸ್ವಲ್ಪ ಖರ್ಚು, ಕೋನ ಸರಿಪಡಿಸಲು ಹೆಚ್ಚು. ಹುಡುಕುವುದೂ ಇದೇ ಕ್ರಮದಲ್ಲಿರಲಿ. ಹಳೆಯ ಗಾಡಿಗಳಲ್ಲಿ ಮೊದಲ ಎರಡರಲ್ಲೇ ಬಹುಪಾಲು ದೋಷ ಸಿಕ್ಕಿಬಿಡುತ್ತದೆ.

ಕೆಳಗೆ ನುಸುಳುವ ಮೊದಲು

ಜ್ಯಾಕ್ ಇರುವುದು ಎತ್ತಲು. ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕು. ಗಟ್ಟಿಯಾದ ಸಮತಟ್ಟು ನೆಲ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡೆ, ಚಾಸಿಸ್ ಅಥವಾ ಆಕ್ಸಲ್ ಕೆಳಗೆ ಸ್ಟ್ಯಾಂಡ್. ಇಷ್ಟಿಲ್ಲದೆ ತಲೆ ಒಳಗೆ ಹಾಕಬೇಡಿ. ಎತ್ತರಿಸಿದ ಗಾಡಿಗೆ ಹಳೆಯ ಜ್ಯಾಕ್ ಎಟುಕುವುದಿಲ್ಲ ಎಂದು ಇಟ್ಟಿಗೆ, ಹಲಗೆ ಚೂರುಗಳನ್ನು ಪೇರಿಸುವುದಂತೂ ಬೇಡವೇ ಬೇಡ.

ಹ್ಯಾಂಡ್‌ಬ್ರೇಕನ್ನೇ ನಂಬಿ ಕೂರಬೇಡಿ. ಲ್ಯಾಂಡ್ ರೋವರ್ ಡಿಫೆಂಡರ್‌ನಂಥ ಕೆಲವು ಗಾಡಿಗಳಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದಿರುವ ಶಾಫ್ಟನ್ನು. ಹಿಂದಿನ ಒಂದೇ ಒಂದು ಚಕ್ರ ನೆಲ ಬಿಟ್ಟರೂ ಡಿಫರೆನ್ಷಿಯಲ್ ಮೂಲಕ ಅದು ತಿರುಗಲು ದಾರಿ ಸಿಕ್ಕಿ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ.

ಅದುಮಿದ ಕಾಯಿಲ್ ಸ್ಪ್ರಿಂಗ್ ಮತ್ತು ತಿರುಚಿದ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಒಳಗೆ ಪ್ರಾಣ ತೆಗೆಯುವಷ್ಟು ಶಕ್ತಿ ಕೂಡಿರುತ್ತದೆ. ಸರಿಯಾದ ಕಂಪ್ರೆಸರ್, ಪುಲ್ಲರ್ ಇಲ್ಲದಿದ್ದರೆ ಮುಟ್ಟದಿರುವುದೇ ಲೇಸು. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ತುಕ್ಕು ಹಿಡಿದ ನಟ್ ಬಿಚ್ಚಲೆಂದು ಬೆಂಕಿ ಹಿಡಿಯಬೇಡಿ. ತುಕ್ಕಿಗೆ ಪೆನೆಟ್ರೇಟಿಂಗ್ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಹಳೆಯ ಗಾಡಿಯಲ್ಲಿ ಬೋಲ್ಟ್ ಬುಷ್ಷಿನ ಒಳಗಿನ ಕೊಳವೆಗೇ ಅಂಟಿಕೊಂಡಿರುತ್ತದೆ. ಆಗ ನಟ್ ಬಿಚ್ಚಿದರೂ ಬೋಲ್ಟ್ ಜಗ್ಗುವುದಿಲ್ಲ. ಅಂಥಲ್ಲಿ ಕತ್ತರಿಸಿ ಹೊಸ ಬುಷ್, ಹೊಸ ಬೋಲ್ಟ್ ಹಾಕುವುದೇ ಸರಿ.

ನಿಜಕ್ಕೂ ಎಷ್ಟು ಎತ್ತರವಾಗಿದೆ?

ಯಾವ ಲಕ್ಷಣವೇ ಇರಲಿ, ಮೊದಲ ಕೆಲಸ ಅಳೆಯುವುದು. ಟೈರ್ ಗಾಳಿ ಸರಿಪಡಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ಹಬ್ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನಾಲ್ಕೂ ಅಂಕಿ ಬರೆದುಕೊಳ್ಳಿ. ಟೈರಿನ ಗಾತ್ರ ಬದಲಾಗಿದ್ದರೂ ಈ ಅಳತೆ ಕೆಡುವುದಿಲ್ಲ. ನೆಲದಿಂದ ಅಳೆದರೆ ಕೆಡುತ್ತದೆ.

ಕಿಟ್ ಮೇಲೆ ಬರೆದ ‘50 ಮಿ.ಮೀ.’ ಕಂಪನಿಯಿಂದ ಬಂದಾಗಿದ್ದ ಎತ್ತರಕ್ಕೆ ಹೋಲಿಸಿ ಹೇಳಿದ್ದು. ನಿಮ್ಮ ಹಳೆಯ ಸ್ಪ್ರಿಂಗ್ 25 ಮಿ.ಮೀ. ಕುಸಿದಿದ್ದರೆ ಗಾಡಿ ನಿನ್ನೆಗಿಂತ 75 ಮಿ.ಮೀ. ಮೇಲೆದ್ದಿರುತ್ತದೆ. ನೋಡಿ ಗಾಬರಿಯಾಗಬೇಕಿಲ್ಲ, ಗಾಡಿಯ ವಿನ್ಯಾಸದ ಲೆಕ್ಕದಲ್ಲಿ ಅದು 50 ಮಾತ್ರ. ಇದಕ್ಕಿಂತ ಕಾಡುವುದು ಇನ್ನೊಂದಿದೆ. ಕಬ್ಬಿಣದ ಬಂಪರ್, ವಿಂಚ್ ಹೊರುವ ಗಾಡಿಗೆಂದು ಮಾಡಿದ ಗಡಸು ಸ್ಪ್ರಿಂಗನ್ನು ಏನೂ ಭಾರವಿಲ್ಲದ ಗಾಡಿಗೆ ಹಾಕಿದರೆ ಅದು ಹೇಳಿದ್ದಕ್ಕಿಂತ ಮೇಲೆಯೇ ನಿಲ್ಲುತ್ತದೆ. ಕೆಳಗೆ ಹೇಳುವ ಕೋನದ ತೊಂದರೆಗಳೆಲ್ಲ ಅಲ್ಲಿ ಇಮ್ಮಡಿಯಾಗುತ್ತವೆ. ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಮೂಲ ಎತ್ತರ ಇರುತ್ತದೆ, ಹೋಲಿಸಿ ನೋಡಿ.

ಬ್ರೇಕ್ ಮೊದಲಿನಂತಿಲ್ಲ

ಇದನ್ನು ಮೊದಲಿಗೇ ಇಟ್ಟಿದ್ದೇನೆ. ಉಳಿದವುಗಳಲ್ಲಿ ಕೆಲವನ್ನು ಒಂದೆರಡು ದಿನ ಸಹಿಸಿಕೊಳ್ಳಬಹುದು, ಇದನ್ನು ಸಹಿಸುವಂತಿಲ್ಲ.

ಪೆಡಲ್ ಮೆತ್ತಗಾಗಿದ್ದರೆ, ಕೆಳಗಿಳಿಯುತ್ತಾ ಹೋದರೆ, ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಗಾಡಿ ಅಲ್ಲೇ ನಿಲ್ಲಲಿ. ಬ್ರೇಕ್ ಹೋಸ್ ನೋಡಿ. ಚಾಸಿಸ್ ಸ್ಟ್ಯಾಂಡಿನ ಮೇಲಿದ್ದು ಆಕ್ಸಲ್ ಪೂರ್ತಿ ಕೆಳಗೆ ಜೋಲುವಾಗ ಸ್ಟೀರಿಂಗನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿ. ಎರಡೂ ಸಲ ಹೋಸ್ ಇನ್ನೂ ಸ್ವಲ್ಪ ಬಾಗಿರಬೇಕು. ತಂತಿಯಂತೆ ಬಿಗಿದು ನಿಂತಿದ್ದರೆ ಕಾಡುದಾರಿಯ ಮೊದಲ ಹಳ್ಳದಲ್ಲೇ ಕಿತ್ತುಬರುತ್ತದೆ. ರಬ್ಬರು ಲೋಹದ ತುದಿಯೊಳಗೆ ಹೋಗುವ ಜಾಗವನ್ನು ಬೆರಳಿಂದ ಬಾಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಮೊದಲು ಕಾಣುವುದು ಅಲ್ಲೇ. ಮುಂದಿನ ಎರಡನ್ನು ಎಲ್ಲರೂ ನೋಡುತ್ತಾರೆ. ಚಾಸಿಸ್‌ನಿಂದ ಹಿಂದಿನ ಆಕ್ಸಲ್ ನಡುವಿಗೆ ಇಳಿಯುವ ಒಂಟಿ ಹೋಸನ್ನು ಮರೆಯುತ್ತಾರೆ. ಎಬಿಎಸ್ ದೀಪ ಹೊತ್ತಿದ್ದರೆ ಚಕ್ರಕ್ಕೆ ಹೋಗುವ ಸೆನ್ಸರ್ ತಂತಿಯೂ ಹೀಗೇ ಎಳೆದುಕೊಂಡಿರಬಹುದು.

ಪೆಡಲ್ ಗಟ್ಟಿಯಾಗಿಯೇ ಇದೆ, ಆದರೆ ಗಾಡಿ ಮೂಗು ತಗ್ಗಿಸಿ ತಡವಾಗಿ ನಿಲ್ಲುತ್ತದೆ, ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ ಎಂದಾದರೆ ಲೋಡ್ ಸೆನ್ಸಿಂಗ್ ವಾಲ್ವ್ ಕಡೆ ನೋಡಿ. ಹಳೆಯ ಎಸ್‌ಯುವಿಗಳಲ್ಲಿ ಹಲವಕ್ಕೆ ಇದಿದೆ. ಚಾಸಿಸ್ ಮೇಲೆ ವಾಲ್ವ್, ಅದರಿಂದ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ರಾಡ್. ಹಿಂಬದಿ ಮೇಲಿದ್ದರೆ ಗಾಡಿ ಖಾಲಿ ಇದೆ ಎಂದು ತಿಳಿದು ಅದು ಹಿಂದಿನ ಬ್ರೇಕಿನ ಒತ್ತಡ ಕಡಿಮೆ ಮಾಡುತ್ತದೆ. ಲಿಫ್ಟ್ ಹಾಕಿದ ಗಾಡಿ ಅದರ ಪಾಲಿಗೆ ಸದಾ ಖಾಲಿ. ಆಕ್ಸಲ್ ಬದಿಯ ಬ್ರಾಕೆಟನ್ನು ಲಿಫ್ಟಿನಷ್ಟೇ ಮೇಲೆತ್ತಿದರೆ ರಾಡ್ ಹಳೆಯ ಸ್ಥಾನಕ್ಕೆ ಬರುತ್ತದೆ. ಅಂದಾಜಿನ ಮೇಲೆ ಹೆಚ್ಚು ತಿರುಗಿಸಿದರೆ ಹಿಂದಿನ ಚಕ್ರಗಳೇ ಮೊದಲು ಲಾಕ್ ಆಗಿ ಗಾಡಿ ಸುತ್ತುತ್ತದೆ. ಒತ್ತಡ ಅಳೆಯುವ ಗೇಜ್ ಇರುವ ವರ್ಕ್‌ಶಾಪಿಗೆ ಈ ಕೆಲಸ ಬಿಡಿ.

ಗಾಡಿ ಒಂದು ಕಡೆ ವಾಲಿದೆ

ನಾಲ್ಕು ಅಂಕಿಗಳನ್ನು ಮತ್ತೆ ನೋಡಿ. ಇಂಧನ ಟ್ಯಾಂಕ್ ಇರುವ ಬದಿ, ಚಾಲಕನ ಬದಿ ತುಸು ತಗ್ಗಿರುವುದು ಸಹಜ. ಕಣ್ಣಿಗೆ ಕಾಣುವಷ್ಟು ವಾಲಿದ್ದರೆ ಕಾರಣ ಹುಡುಕಬೇಕು.

ಕಾಯಿಲ್ ಸ್ಪ್ರಿಂಗ್ ಆಗಿದ್ದರೆ ಅದರ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯೇ ನೋಡಿ. ಅರ್ಧ ಸುತ್ತು ಜರುಗಿದ್ದರೂ ಆ ಮೂಲೆ ಮೇಲೆದ್ದಿರುತ್ತದೆ. ಎಷ್ಟೋ ಕಿಟ್‌ಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಪ್ರಿಂಗ್ ಇರುತ್ತದೆ. ಅದರ ಮೇಲಿನ ಗುರುತು ಓದಿ, ಅದಲುಬದಲಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಸ್ಪ್ರಿಂಗನ್ನೇ ಶಂಕಿಸುತ್ತಿದ್ದರೆ ಎಡದ್ದನ್ನು ಬಲಕ್ಕೆ ಹಾಕಿ ನೋಡಿ. ವಾಲುವಿಕೆಯೂ ಆ ಕಡೆ ಹೋದರೆ ಸ್ಪ್ರಿಂಗ್ ದೋಷ, ಹೋಗದಿದ್ದರೆ ಚಾಸಿಸ್ ಅಥವಾ ಬುಷ್.

ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಪಟ್ಟಿಗಳ ಸ್ಪ್ರಿಂಗ್) ಗಾಡಿಯಲ್ಲಿ ಬುಷ್ ಬೋಲ್ಟುಗಳನ್ನು ಆಕ್ಸಲ್ ನೇತಾಡುವಾಗಲೇ ಬಿಗಿದಿರುವುದು ಸಾಮಾನ್ಯ ಕಾರಣ. ಎಲ್ಲವನ್ನೂ ಸಡಿಲಿಸಿ, ಗಾಡಿಯನ್ನು ಚಕ್ರದ ಮೇಲಿಳಿಸಿ, ಮೇಲೆ ಕೆಳಗೆ ಕುಪ್ಪಳಿಸಿ, ಆಮೇಲೆ ಬಿಗಿಯಿರಿ. ಎಷ್ಟೋ ಸಲ ವಾಲುವಿಕೆ ಅಷ್ಟಕ್ಕೇ ಹೋಗುತ್ತದೆ.

ಎರಡನೇ ತಲೆಮಾರಿನ ಮಿತ್ಸುಬಿಷಿ ಪಜೆರೊದಂತೆ ಮುಂದೆ ಟಾರ್ಷನ್ ಬಾರ್ ಇದ್ದರೆ ಹೊಂದಿಸುವ ಬೋಲ್ಟಿನಲ್ಲೇ ಎತ್ತರ ಸಮ ಮಾಡಬಹುದು. ಆದರೆ ಮುಂದಿನ ಒಂದು ಮೂಲೆ ಎತ್ತಿದರೆ ಉಳಿದ ಮೂಲೆಗಳ ಅಳತೆಯೂ ಕದಲುತ್ತದೆ. ಪ್ರತಿ ಸಲವೂ ನಾಲ್ಕನ್ನೂ ಅಳೆಯಬೇಕು.

ನೇರ ಹೋಗುವಾಗ ಸ್ಟೀರಿಂಗ್ ಓರೆ

ಇದು ಹೆದರುವ ದೋಷವಲ್ಲ. ಇಡಿಯಾದ ಮುಂಭಾಗದ ಆಕ್ಸಲ್ ಇರುವ ಗಾಡಿಗಳಲ್ಲಿ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಅಡ್ಡಡ್ಡ ಜರುಗದಂತೆ ಹಿಡಿದಿರುತ್ತದೆ. ಗಾಡಿ ಮೇಲೆದ್ದಾಗ ಆ ರಾಡ್ ಇಳಿಜಾರಾಗಿ, ಚಾಸಿಸ್‌ಗೆ ಅದು ಕಟ್ಟಿಕೊಂಡ ಬದಿಗೆ ಆಕ್ಸಲನ್ನು ಎಳೆಯುತ್ತದೆ. 850 ಮಿ.ಮೀ. ಉದ್ದದ ರಾಡ್, ಅದರ ಎರಡು ತುದಿಗಳ ನಡುವೆ ಮೊದಲೇ 50 ಮಿ.ಮೀ. ಏರುಪೇರು ಇತ್ತು ಎಂದುಕೊಳ್ಳಿ. 50 ಮಿ.ಮೀ. ಲಿಫ್ಟಿಗೆ ಆಕ್ಸಲ್ ಸುಮಾರು 4 ಮಿ.ಮೀ. ಜರುಗುತ್ತದೆ. 100 ಮಿ.ಮೀ. ಲಿಫ್ಟಿಗೆ ಸುಮಾರು 12. ಎತ್ತರ ಇಮ್ಮಡಿಯಾದರೆ ಜರುಗುವುದು ಮುಮ್ಮಡಿ. 50ಕ್ಕೆ ಏನೂ ಮಾಡದೆ ನಡೆಯುತ್ತದೆ, ಅದಕ್ಕಿಂತ ಮೇಲಾದರೆ ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಬೇಕಾಗುತ್ತದೆ ಎನ್ನುವುದು ಇದಕ್ಕೇ.

ಮೊದಲು ಆಕ್ಸಲ್ ನಡುವಿಗೆ ಬರಲಿ, ನಂತರ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಉದ್ದ ಹೊಂದಿಸಿ ಸ್ಟೀರಿಂಗ್ ನೇರ ಮಾಡಿ. ಸ್ಟೀರಿಂಗ್ ಚಕ್ರವನ್ನೇ ಕಳಚಿ ನೇರವಾಗಿ ಕೂರಿಸುವ ಅಡ್ಡದಾರಿ ಹಿಡಿಯಬೇಡಿ. ಸ್ಟೀರಿಂಗ್ ಬಾಕ್ಸಿನ ಒಳಗೆ ಪ್ಲೇ (ಸಡಿಲ ಆಟ) ಅತಿ ಕಡಿಮೆ ಇರುವುದು ಅದರ ನಡುಬಿಂದುವಿನಲ್ಲಿ. ನೇರ ರಸ್ತೆಯಲ್ಲಿ ಗಾಡಿ ಆ ಬಿಂದುವಿನಲ್ಲೇ ಇರಬೇಕು.

ಗಾಡಿ ಅಲೆಯುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ

ನೇರ ರಸ್ತೆಯಲ್ಲೂ ಸಣ್ಣ ಸಣ್ಣದಾಗಿ ತಿದ್ದುತ್ತಲೇ ಇರಬೇಕು, ಗಾಳಿ ಬೀಸಿದರೆ ಪಕ್ಕಕ್ಕೆ ಸರಿಯುತ್ತದೆ, ಸ್ಟೀರಿಂಗ್ ಹಗುರವಾಗಿ ಜೀವವಿಲ್ಲದಂತಿದೆ. ಇವು ಕ್ಯಾಸ್ಟರ್ ಕಡಿಮೆಯಾದ ಗುರುತು. ಕ್ಯಾಸ್ಟರ್ ಎಂದರೆ ಸ್ಟೀರಿಂಗಿಗೆ ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ, ಸ್ಟೀರಿಂಗ್ ನೇರಕ್ಕೆ ಮರಳುವುದು ಅದರಿಂದ. ಆದರೂ ಮೊದಲು ಟೈರ್ ಗಾಳಿ ಮತ್ತು ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವುದು) ನೋಡಿ. ಟೋ-ಔಟ್ ಆಗಿದ್ದರೂ ಇದೇ ಅನುಭವ ಬರುತ್ತದೆ, ಅದನ್ನು ಸರಿಪಡಿಸುವುದು ಸುಲಭ.

ಟೊಯೋಟಾ ಲ್ಯಾಂಡ್ ಕ್ರೂಸರ್ 80, ನಿಸ್ಸಾನ್ ಪ್ಯಾಟ್ರೋಲ್ ವೈ60, ಮೂರನೇ ತಲೆಮಾರಿನ ಸುಜುಕಿ ಜಿಮ್ನಿಗಳಲ್ಲಿ ಮುಂದಿನ ಆಕ್ಸಲ್, ಹಿಂದಕ್ಕೆ ಚಾಸಿಸ್‌ವರೆಗೆ ಹೋಗುವ ತೋಳಾದ ರೇಡಿಯಸ್ ಆರ್ಮ್‌ಗೆ ಬಿಗಿಯಾಗಿ ಸೇರಿಕೊಂಡಿರುತ್ತದೆ. ಗಾಡಿ ಎದ್ದಾಗ ಆರ್ಮ್ ಇಳಿಜಾರಾಗಿ, ಆಕ್ಸಲೂ ಅಷ್ಟೇ ಮುಂದಕ್ಕೆ ಉರುಳುತ್ತದೆ. ಆರ್ಮ್ 90 ಸೆಂ.ಮೀ. ಉದ್ದವಿದ್ದರೆ 50 ಮಿ.ಮೀ. ಲಿಫ್ಟಿಗೆ ಹೋಗುವ ಕ್ಯಾಸ್ಟರ್ ಸುಮಾರು 3 ಡಿಗ್ರಿ. ಕಂಪನಿ ಕೊಟ್ಟದ್ದೇ ಅಷ್ಟು ಎಂಬ ಗಾಡಿಗಳಲ್ಲಿ ಉಳಿಯುವುದು ಸೊನ್ನೆ.

ಅಲೈನ್‌ಮೆಂಟ್ ಮಷಿನ್ನಿನಲ್ಲಿ ಕ್ಯಾಸ್ಟರ್ ಅಂಕಿ ಕೇಳಿ ಬರೆಸಿಕೊಳ್ಳಿ. ಇಂಥ ಆಕ್ಸಲ್‌ನಲ್ಲಿ ಕ್ಯಾಸ್ಟರ್ ಹೊಂದಿಸಲು ಬರುವುದಿಲ್ಲವೆಂದು ಟೋ ಮಾತ್ರ ನೋಡಿ ಕಳಿಸುವ ರೂಢಿ ಇದೆ. ಹೊಂದಿಸಲು ಬಾರದಿದ್ದರೂ ಅಳೆಯಲು ಬರುತ್ತದೆ. ಅಂಕಿ ಕಡಿಮೆ ಇದ್ದರೆ ಕ್ಯಾಸ್ಟರ್ ಬುಷ್, ಆರ್ಮ್ ತಗ್ಗಿಸುವ ಬ್ರಾಕೆಟ್, ಇಲ್ಲವೇ ಕ್ಯಾಸ್ಟರ್ ತಿದ್ದಿದ ಹೊಸ ಆರ್ಮ್ ಹಾಕಬೇಕು. ಒಂದು ಎಚ್ಚರಿಕೆ: ಕ್ಯಾಸ್ಟರ್ ಮರಳಿಸಲು ಆಕ್ಸಲ್ ಹಿಂದಕ್ಕೆ ಉರುಳಿದರೆ ಅದರ ಪಿನಿಯನ್ (ಶಾಫ್ಟ್ ಬಂದು ಸೇರುವ ಭಾಗ) ಮೂತಿ ಕೆಳಗಾಗುತ್ತದೆ, ಮುಂದಿನ ಶಾಫ್ಟಿನ ಜಾಯಿಂಟ್ ಕೋನ ಹೆಚ್ಚುತ್ತದೆ. ಬೇಕಾದಷ್ಟೇ ತಿದ್ದಿ.

ಗುಂಡಿಗೆ ಇಳಿದಾಗ ಸ್ಟೀರಿಂಗ್ ತಾನೇ ತಿರುಗುತ್ತದೆ

ಗಾಡಿಯ ಮುಂದೆ ಮಂಡಿಯೂರಿ ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಎರಡನ್ನೂ ಒಟ್ಟಿಗೆ ನೋಡಿ. ಅವು ಒಂದಕ್ಕೊಂದು ಸಮಾನಾಂತರವಾಗಿರಬೇಕು. ಸಮಾನಾಂತರವಿದ್ದರೆ ಆಕ್ಸಲ್ ಮೇಲೆ ಕೆಳಗೆ ಹೋಗುವಾಗ ಎರಡೂ ಒಂದೇ ಕಮಾನಿನಲ್ಲಿ ಚಲಿಸುತ್ತವೆ. ಇಲ್ಲದಿದ್ದರೆ ಒಂದು ಇನ್ನೊಂದನ್ನು ಎಳೆದು ಚಕ್ರ ತಿರುಗಿಸುತ್ತದೆ. ಸ್ಟೀರಿಂಗ್ ಬಾಕ್ಸಿಗೆ, ಡ್ರ್ಯಾಗ್ ಲಿಂಕನ್ನು ಆಡಿಸುವ, ಕೆಳಮುಖವಾಗಿ ಉದ್ದವಾದ ಪಿಟ್‌ಮನ್ ಆರ್ಮ್ ಹಾಕಿ ಪ್ಯಾನ್‌ಹಾರ್ಡನ್ನು ಹಾಗೇ ಬಿಟ್ಟ ಗಾಡಿಗಳಲ್ಲಿ ಈ ದೋಷ ತಪ್ಪಿದ್ದಲ್ಲ. ಇಳಿಸಿದರೆ ಎರಡನ್ನೂ ಇಳಿಸಬೇಕು, ಇಲ್ಲವೇ ಎರಡನ್ನೂ ಮುಟ್ಟಬಾರದು. ಪಿಟ್‌ಮನ್ ಆರ್ಮ್ ಉದ್ದವಾದಷ್ಟೂ ಸ್ಟೀರಿಂಗ್ ಬಾಕ್ಸ್ ಕೂತ ಜಾಗದ ಮೇಲೆ ಬೀಳುವ ಬಲ ಹೆಚ್ಚು. ಅಲ್ಲಿನ ಚಾಸಿಸ್ ಲೋಹವನ್ನು ಒರೆಸಿ, ಬೆಳಕು ಹಾಕಿ ಬಿರುಕಿಗಾಗಿ ನೋಡಿ. ಬಿರುಕು ಕಂಡರೆ ಓಡಿಸಬೇಡಿ, ಚಾಸಿಸ್ ವೆಲ್ಡಿಂಗ್ ಬಲ್ಲವರಲ್ಲಿಗೆ ಗಾಡಿಯನ್ನು ಎಳೆಸಿಕೊಂಡೇ ಹೋಗಿ.

ಡೆತ್ ವಾಬಲ್: ಮುಂಭಾಗವೆಲ್ಲ ಕಿತ್ತುಬರುವಂತೆ ಅಲುಗುವುದು

ವೇಗ 60ರಿಂದ 80ರೊಳಗೆ ಇರುವಾಗ ಒಂದು ಸಣ್ಣ ಕುಳಿಗೆ ಚಕ್ರ ತಾಗಿ, ಮರುಕ್ಷಣ ಸ್ಟೀರಿಂಗ್ ಕೈಯಲ್ಲಿ ನಿಲ್ಲದಂತೆ ಎಡಬಲ ಹೊಡೆದುಕೊಳ್ಳುತ್ತದೆ, ವೇಗ ತೀರಾ ಇಳಿಯುವ ತನಕ ನಿಲ್ಲುವುದಿಲ್ಲ. ಅನುಭವಿಸಿದವರಿಗೆ ಬೇರೆ ವಿವರಣೆ ಬೇಡ. ಆ ಹೊತ್ತಿನಲ್ಲಿ ಮಾಡಬೇಕಾದದ್ದು: ಆಕ್ಸಿಲರೇಟರ್ ಬಿಡಿ, ಸ್ಟೀರಿಂಗನ್ನು ಭದ್ರವಾಗಿ ಹಿಡಿಯಿರಿ (ಹೆಬ್ಬೆರಳು ಕಡ್ಡಿಗಳ ಒಳಗೆ ಬೇಡ), ಬ್ರೇಕ್ ಗಕ್ಕನೆ ಒತ್ತದೆ ಮೆಲ್ಲಗೆ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ಎದುರು ತಿರುಗಿಸಿ ತಡೆಯಲು ಹೋಗಬೇಡಿ. ಒಮ್ಮೆ ಬಂದ ಮೇಲೆ ಕಾರಣ ಸಿಗುವ ತನಕ ಆ ಗಾಡಿ ವೇಗದ ರಸ್ತೆ ಹತ್ತಬಾರದು.

ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅಲುಗಾಟ ತಗ್ಗಿಸುವ ಶಾಕ್) ಬದಲಿಸಿದರೆ ಹೋಗುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಹೋಗುವುದಿಲ್ಲ, ಅಡಗುತ್ತದೆ. ಹೊಸ ಡ್ಯಾಂಪರ್ ಜ್ವರಕ್ಕೆ ಒದ್ದೆಬಟ್ಟೆ ಹಾಕಿದ ಹಾಗೆ. ಒಳಗೆ ಸವೆಯುತ್ತಿರುವ ಜಾಯಿಂಟ್ ಸವೆಯುತ್ತಲೇ ಇರುತ್ತದೆ, ಮುಂದೊಂದು ದಿನ ಇನ್ನೂ ಜೋರಾಗಿ ಬರುತ್ತದೆ.

ಟೈರ್ ಗಾಳಿ, ಬ್ಯಾಲೆನ್ಸಿಂಗ್ ಮೊದಲು. ದೊಡ್ಡ ಟೈರ್ ಹಾಕಿದ್ದರೆ ರಿಮ್ಮಿನೊಳಗೆ ಒಣಗಿದ ಕೆಸರು ಅಂಟಿದ್ದರೂ ಸಾಕು, ಬ್ಯಾಲೆನ್ಸ್ ತಪ್ಪುತ್ತದೆ. ಇದು ಸರಿಯಿದ್ದರೆ ಜೊತೆಗೊಬ್ಬರನ್ನು ಕರೆದುಕೊಳ್ಳಿ. ಗಾಡಿ ನೆಲದ ಮೇಲೆಯೇ ಇರಲಿ, ಚಕ್ರಕ್ಕೆ ಅಡೆ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿ, ಪವರ್ ಸ್ಟೀರಿಂಗ್ ಇದ್ದರೆ ಇಂಜಿನ್ ಚಾಲೂ ಇರಲಿ. ಅವರು ಸ್ಟೀರಿಂಗನ್ನು ಎಡಬಲ ಸ್ವಲ್ಪ ಸ್ವಲ್ಪವೇ ತ್ವರಿತವಾಗಿ ಆಡಿಸಲಿ, ನೀವು ಪಕ್ಕದಿಂದ ಟಾರ್ಚ್ ಹಿಡಿದು ನೋಡಿ.

ಕಣ್ಣು ಮೊದಲು ಹೋಗಬೇಕಾದದ್ದು ಪ್ಯಾನ್‌ಹಾರ್ಡ್ ರಾಡಿನ ಎರಡು ತುದಿಗಳಿಗೆ. ರಾಡಿನ ಕಣ್ಣು ಬ್ರಾಕೆಟ್ಟಿನೊಳಗೆ ಒಂದು ಮಿಲಿಮೀಟರ್ ಜರುಗಿದರೂ ಅದೇ ಕಳ್ಳ. ಬೋಲ್ಟಿನ ತಲೆಯ ಸುತ್ತ ಬಣ್ಣ ಹೋಗಿ ಬೆಳ್ಳಗೆ ಹೊಳೆಯುವ ಬಳೆ, ವಾಷರಿನ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಕಂಡರೆ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದರ್ಥ. ಬಿಗಿದು ನೋಡಿ. ಬಿಗಿದ ಮೇಲೂ ಆಡಿದರೆ ಬೋಲ್ಟ್ ಹೊರಗೆ ತೆಗೆದು ರಂಧ್ರ ನೋಡಿ. ದುಂಡಗಿದ್ದದ್ದು ಮೊಟ್ಟೆಯಾಕಾರವಾಗಿದ್ದರೆ ಎಷ್ಟು ಬಿಗಿದರೂ ವ್ಯರ್ಥ. ಹೊಸ ಬ್ರಾಕೆಟ್, ಇಲ್ಲವೇ ಬಲಪಡಿಸುವ ವಾಷರ್ ವೆಲ್ಡ್ ಮಾಡಿಸಬೇಕು.

ಆಮೇಲೆ ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್ ಎಂಡ್‌ಗಳು. ಕೈ ಚಲಿಸುವ ರಾಡುಗಳ ನಡುವೆ ಸಿಗದಂತೆ ಜಾಗ್ರತೆ. ನಂತರ ಒಂದೊಂದೇ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಪ್ಲೇ ಇದ್ದರೆ ಜೊತೆಗಾರರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್ ಸಡಿಲ. ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಚಕ್ರ ಎಡಬಲ ತಿರುಗುವ ಅಕ್ಷದ ಕಿಂಗ್‌ಪಿನ್ ಬೇರಿಂಗ್. ಜಿಮ್ನಿಯಂಥ ಗಾಡಿಗಳಲ್ಲಿ ಕಿಂಗ್‌ಪಿನ್ ಬೇರಿಂಗ್ ತನ್ನ ಬಿಗಿ ಕಳೆದುಕೊಂಡರೆ ಕೈಗೆ ಪ್ಲೇ ಸಿಗದಿದ್ದರೂ ನಡುಕ ಬರಬಹುದು. ಸ್ಪ್ರಿಂಗ್ ತ್ರಾಸಿನಿಂದ ಎಳೆದು ನೋಡುವ ವಿಧಾನ ಮ್ಯಾನ್ಯುಯಲ್‌ನಲ್ಲಿರುತ್ತದೆ.

ನಡುಕ, ಗುಂಯ್‌ಗುಡುವಿಕೆ

ನಡುಕದ ದರ ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. 31 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 2.47 ಮೀಟರ್ ಹೋಗುತ್ತದೆ. 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 9 ಸುತ್ತು. ಆದ್ದರಿಂದ ಟೈರ್ ದೋಷ ಕೈಗೆ, ಸೀಟಿಗೆ ಎಣಿಸಬಹುದೇನೋ ಎಂಬಂಥ ಅಲುಗಾಟವಾಗಿ ಬರುತ್ತದೆ. ಡಿಫರೆನ್ಷಿಯಲ್ ಅನುಪಾತ 4 ಇದ್ದರೆ ಅದೇ ಹೊತ್ತಿಗೆ ಪ್ರೊಪೆಲ್ಲರ್ ಶಾಫ್ಟ್ (ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ದಂಡ) 36 ಸುತ್ತು ಹಾಕುತ್ತಿರುತ್ತದೆ. ಶಾಫ್ಟ್ ದೋಷ ನೆಲಹಾಸಿನಿಂದ, ಪೆಡಲಿನಿಂದ ಜುಮ್ಮೆನ್ನುವ ಗುಂಯ್ ಆಗಿ ಬರುತ್ತದೆ. ಕೋನ ತಪ್ಪಿದ ಯುಜೆ ಕ್ರಾಸ್ (ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟ್) ಒಂದು ಸುತ್ತಿಗೆ ಎರಡು ಸಲ ಮಿಡಿಯುತ್ತದೆ, ಹಾಗಾಗಿ ಆ ಸದ್ದು ಇನ್ನೂ ಸಣ್ಣ, ಇನ್ನೂ ತೀಕ್ಷ್ಣ.

ಖಾಲಿ ರಸ್ತೆಯಲ್ಲಿ ನಡುಗುವ ವೇಗವನ್ನೇ ಉಳಿಸಿಕೊಂಡು ಒಂದು ಗೇರ್ ಬದಲಿಸಿ. ನಡುಕ ಬದಲಾದರೆ ಇಂಜಿನ್ ಅಥವಾ ಅದರ ಮೌಂಟಿಂಗ್. ಬದಲಾಗದಿದ್ದರೆ ಗೇರ್‌ಬಾಕ್ಸಿನಿಂದ ಆಚೆಗೆ ಎಲ್ಲೋ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಕಡಿಮೆಯಾಗುವುದು, ಅಥವಾ ಅದರ ತಿರುಗುಮುರುಗು, ಶಾಫ್ಟ್ ಕೋನದ ಗುರುತು. ನಿಂತಲ್ಲಿಂದ ಹೊರಡುವಾಗ ಮಾತ್ರ ಧಡಧಡ ಎಂದು ನಂತರ ಸುಮ್ಮನಾದರೆ, ಅದು ಲೀಫ್ ಸ್ಪ್ರಿಂಗ್ ಮೇಲೆ ಆಕ್ಸಲ್ ತಿರುಚಿಕೊಳ್ಳುವುದು. ಸ್ಪ್ರಿಂಗ್ ಕೆಳಗೆ ಬ್ಲಾಕ್ ಇಟ್ಟು ಎತ್ತಿದ ಗಾಡಿಗಳಲ್ಲಿ ಇದು ಹೆಚ್ಚು.

ಮುಂದಿನ ಶಾಫ್ಟೋ ಹಿಂದಿನದೋ ತಿಳಿಯಬೇಕೇ? ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಪಾರ್ಟ್-ಟೈಮ್ ಫೋರ್‌ವೀಲ್ ಗಾಡಿಯಲ್ಲಿ ಮುಂದಿನ ಶಾಫ್ಟ್ ಕಳಚಿ ಟೂ-ವೀಲ್‌ನಲ್ಲಿ ಓಡಿಸಿ ನೋಡಿ. ನಡುಕ ಹೋದರೆ ಮುಂದಿನದು. ಕಳಚುವ ಮೊದಲು ಎರಡೂ ಫ್ಲ್ಯಾಂಜ್ ಮೇಲೆ ಬಣ್ಣದ ಗೆರೆ ಎಳೆಯಿರಿ, ಅದೇ ಸ್ಥಾನಕ್ಕೆ ಮರಳಬೇಕು. ಫುಲ್-ಟೈಮ್ ಗಾಡಿಯಲ್ಲಿ ಸೆಂಟರ್ ಡಿಫರೆನ್ಷಿಯಲ್ ಲಾಕ್ ಮಾಡದೆ ಹೀಗೆ ಮಾಡಿದರೆ ಚಲಿಸುವುದೇ ಇಲ್ಲ, ಮ್ಯಾನ್ಯುಯಲ್ ನೋಡದೆ ಕೈ ಹಾಕಬೇಡಿ. ಹಿಂದಿನ ಶಾಫ್ಟ್ ನೇರ ಟ್ರಾನ್ಸ್‌ಫರ್ ಕೇಸಿನೊಳಗೆ ಜಾರುವ ಬಗೆಯದಾದರೆ ಅದನ್ನು ಎಳೆದ ಕೂಡಲೇ ಎಣ್ಣೆ ಹೊರಬರುತ್ತದೆ ಎಂಬುದೂ ನೆನಪಿರಲಿ.

ಕಳಚಿದ ಶಾಫ್ಟಿನ ಕ್ರಾಸನ್ನು ನಾಲ್ಕೂ ದಿಕ್ಕಿಗೆ ಬಾಗಿಸಿ. ಗರಗರ, ಕಟ್ಟಿಕೊಂಡಂತೆ, ಸಡಿಲ ಇದ್ದರೆ ಬದಲಿಸಿ. ಶಾಫ್ಟಿನ ಎರಡು ತುಂಡು ಸೇರುವಲ್ಲಿ ಎರಡೂ ತುದಿಯ ಕವಲುಗಳು ಒಂದೇ ರೇಖೆಯಲ್ಲಿವೆಯೇ ನೋಡಿ. ಗ್ರೀಸ್ ಹಾಕಲು ಬಿಚ್ಚಿ ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ನಡುಕ ಬರುತ್ತದೆ. ಕೊನೆಗೆ ಕೋನ. ಎರಡೂ ತುದಿಗೆ ಒಂದೊಂದೇ ಕ್ರಾಸ್ ಇದ್ದರೆ ಮೇಲಿನ ಕೋನ, ಕೆಳಗಿನ ಕೋನ ಸಮವಿರಬೇಕು, 1 ಡಿಗ್ರಿಯೊಳಗೆ. ಮೇಲ್ತುದಿಯಲ್ಲಿ ಡಬಲ್ ಕಾರ್ಡನ್ ಜಾಯಿಂಟ್ (ಒಟ್ಟಿಗೆ ಎರಡು ಕ್ರಾಸ್) ಇದ್ದರೆ ಪಿನಿಯನ್ ಶಾಫ್ಟಿನ ನೇರಕ್ಕೇ ಮುಖ ಮಾಡಿರಬೇಕು. ಲೀಫ್ ಸ್ಪ್ರಿಂಗ್ ಇದ್ದಲ್ಲಿ ಒಂದೆರಡು ಡಿಗ್ರಿ ಕೆಳಗಿದ್ದರೆ ಒಳ್ಳೆಯದು, ಎಳೆತಕ್ಕೆ ಅದು ಮೇಲೇಳುತ್ತದೆ. ಲೀಫ್ ಸ್ಪ್ರಿಂಗ್ ಕೆಳಗೆ ಓರೆ ಶಿಮ್ (ಬೆಣೆಯಂಥ ತುಂಡು) ಇಟ್ಟು ಪಿನಿಯನ್ ತಿದ್ದಬಹುದು. ಆಕ್ಸಲ್ ಜೋತಾಡುವಾಗ ಶಾಫ್ಟಿನ ಜಾರುವ ತುದಿ ಒಳಗೆ ಎಷ್ಟು ಉಳಿದಿದೆ ಎಂಬುದನ್ನೂ ಆಗಲೇ ನೋಡಿಬಿಡಿ. ಬೆರಳುದ್ದವೂ ಇಲ್ಲದಿದ್ದರೆ ಉದ್ದದ ಶಾಫ್ಟ್ ಮಾಡಿಸಬೇಕು.

ಟಕ್, ಕಿರ್ರ್, ದಡ್

ಬೋಲ್ಟ್ ಬಿಗಿಯೇ ಇಲ್ಲಿ ಮೊದಲ ಆರೋಪಿ. ಲಿಫ್ಟ್ ಹಾಕಿದ ಮೇಲೆ ಮೊದಲ 100 ಕಿ.ಮೀ. ಆಸುಪಾಸಿನಲ್ಲಿ ಒಮ್ಮೆ, 500ಕ್ಕೆ ಇನ್ನೊಮ್ಮೆ ಎಲ್ಲವನ್ನೂ ಟಾರ್ಕ್ ರೆಂಚಿನಿಂದ ನೋಡಬೇಕು. ಲೀಫ್ ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್‌ಗಳು ಸಡಿಲವಾಗಿಯೇ ಆಗುತ್ತವೆ, ಪಟ್ಟಿಗಳು ಒಂದರ ಮೇಲೊಂದು ಕೂರಲು ಸಮಯ ಬೇಕು. ಹಳೆಯ ಯು-ಬೋಲ್ಟ್ ಮತ್ತೆ ಬಳಸಿದ್ದರೆ ಬದಲಿಸಿ, ಒಮ್ಮೆ ಎಳೆದು ಹಿಗ್ಗಿದ ಎಳೆ ಮತ್ತೆ ಬಿಗಿ ಹಿಡಿಯುವುದಿಲ್ಲ. ಇಡೀ ಆಕ್ಸಲ್ ನಿಂತಿರುವುದು ಅವುಗಳ ಹಿಡಿತದಲ್ಲಿ. ಸಡಿಲವಾಗಿ ಓಡಿದರೆ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ಕತ್ತರಿಸಿಹೋಗುತ್ತದೆ. ಎಡ ಮತ್ತು ಬಲಬದಿಯ ಮುಂದಿನ–ಹಿಂದಿನ ಚಕ್ರದ ನಡುವಿನ ಅಂತರ ಅಳೆದು ಹೋಲಿಸಿದರೆ ಆಕ್ಸಲ್ ಜರುಗಿದ್ದು ತಿಳಿಯುತ್ತದೆ.

‘ಟಕ್’ ಸದ್ದು ಹಂಪ್ ಇಳಿಯುವಾಗ ಮಾತ್ರ ಬಂದರೆ ಶಾಕ್ ಗಿಡ್ಡವಾಗಿದ್ದು ಪೂರ್ತಿ ಎಳೆದುಕೊಳ್ಳುತ್ತಿರಬಹುದು. ‘ದಡ್’ ಎಂದು ಗುಂಡಿಯ ತಳದಲ್ಲಿ ಬಂದರೆ ಬಂಪ್ ಸ್ಟಾಪ್ (ಮೇಲೇರುವ ಆಕ್ಸಲ್ ಬಂದು ತಾಗುವ ರಬ್ಬರ್ ತಡೆ). ಆ ರಬ್ಬರ್ ತಾಗುವ ಮೊದಲೇ ಶಾಕ್ ಒಳಗೆ ಮುಗಿದುಹೋಗುತ್ತಿದ್ದರೆ ಶಾಕ್ ಬೇಗ ಸಾಯುತ್ತದೆ, ಮೌಂಟಿಂಗ್ ಕಿತ್ತುಬರುತ್ತದೆ. ‘ಕಿರ್ರ್’ ಎನ್ನುವುದು ಪಾಲಿಯುರೆಥೇನ್ ಬುಷ್ ಒಣಗಿದ್ದು, ಅದಕ್ಕೆಂದೇ ಬರುವ ಗ್ರೀಸ್ ಹಚ್ಚಿ.

ಎತ್ತಿಹಾಕುವ ಗಡಸು ಓಟ

ರಬ್ಬರ್ ಬುಷ್ಷಿನ ಹೊರಸುತ್ತು ಆರ್ಮಿಗೂ ಒಳಕೊಳವೆ ಬೋಲ್ಟಿಗೂ ಅಂಟಿರುತ್ತವೆ, ನಡುವಿನ ರಬ್ಬರ್ ತಿರುಚಿಕೊಂಡೇ ಕೆಲಸ ಮಾಡುತ್ತದೆ. ಆಕ್ಸಲ್ ಜೋಲುವಾಗ ಬಿಗಿದರೆ ಗಾಡಿ ನಿಂತಾಗಲೂ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಓಟ ಗಡಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಮೇಲೆ ಹೇಳಿದಂತೆ ಸಡಿಲಿಸಿ, ಚಕ್ರದ ಮೇಲಿಳಿಸಿ ಬಿಗಿಯುವುದೇ ಪರಿಹಾರ. ಇದಕ್ಕೆ ಪಾನಾ ಹಿಡಿಯುವ ಶ್ರಮ ಬಿಟ್ಟರೆ ಬೇರೆ ಖರ್ಚಿಲ್ಲ.

ಟಾರ್ಷನ್ ಬಾರ್ ತಿರುಚಿ ಎತ್ತಿದ ಗಾಡಿಯಲ್ಲಿ ಮೇಲಿನ ಆರ್ಮ್ ಮತ್ತು ಅದರ ತಡೆ ರಬ್ಬರಿನ ನಡುವೆ ಎಷ್ಟು ಜಾಗವಿದೆ ನೋಡಿ. ತಾಗಿಯೇ ಕೂತಿದ್ದರೆ ಚಕ್ರಕ್ಕೆ ಕೆಳಗಿಳಿಯಲು ಜಾಗವಿಲ್ಲ, ಪ್ರತಿ ತಗ್ಗಿಗೂ ಹೊಡೆತ. ಬಾರನ್ನು ಸಡಿಲಿಸಿ ಎತ್ತರ ಬಿಟ್ಟುಕೊಡಬೇಕು. ಇಂಥ ಸಸ್ಪೆನ್ಷನ್ನಿಗೆ ಹೆಚ್ಚು ಎತ್ತರ ಒಗ್ಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇದೇ ಗಾಡಿಗಳಲ್ಲಿ ತಿರುವಿನಲ್ಲಿ ‘ಟಿಕ್ ಟಿಕ್’ ಬಂದರೆ, ಚಕ್ರದೊಳಗೆ ಗ್ರೀಸ್ ಚಿಮ್ಮಿದ್ದರೆ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟಿನ ಬೂಟ್ (ರಬ್ಬರ್ ಮುಸುಕು) ಹರಿದಿದೆ. ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜುವಷ್ಟು ಕೋನ ಹೆಚ್ಚಾಗಿದ್ದರೆ ಹೊಸ ಬೂಟ್ ಕೂಡ ಬಾಳುವುದಿಲ್ಲ.

ಉಳಿದ ಚಿಕ್ಕಪುಟ್ಟವು

ಪೂರ್ತಿ ತಿರುಗಿಸಿದಾಗ ಟೈರ್ ಆರ್ಮಿಗೆ ಉಜ್ಜಿದರೆ ಸ್ಟೀರಿಂಗ್ ಸ್ಟಾಪ್ ಬೋಲ್ಟ್ ಹೊರಗೆ ತಿರುಗಿಸಿ. ಗುಂಡಿಯಲ್ಲಿ ಮಡ್‌ಗಾರ್ಡಿಗೆ ಉಜ್ಜಿದರೆ ಬಂಪ್ ಸ್ಟಾಪ್ ಉದ್ದ ಮಾಡಿ. ಆಕ್ಸಲ್ ಬ್ರೀದರ್ ಕೊಳವೆ (ಒಳಗಿನ ಗಾಳಿ ಆಡಲು ಇರುವುದು) ಎಳೆದು ಕಿತ್ತಿದ್ದರೆ ಹೊಳೆ ದಾಟುವಾಗ ಡಿಫರೆನ್ಷಿಯಲ್‌ಗೆ ನೀರು ಹೋಗುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಗಲೇ ಹೋಗಿದೆ, ಬದಲಿಸಿ. ಟೈರ್ 31ರಿಂದ 33 ಇಂಚಿಗೆ ಹೋಗಿದ್ದರೆ ಮೀಟರ್ 100 ತೋರಿಸುವಾಗ ಗಾಡಿ ಸುಮಾರು 106ರಲ್ಲಿ ಓಡುತ್ತಿರುತ್ತದೆ. ಮುಂಭಾಗ ಎದ್ದದ್ದರಿಂದ ಹೆಡ್‌ಲೈಟ್ ಬೆಳಕೂ ಮೇಲೆದ್ದು ಎದುರಿನವರ ಕಣ್ಣಿಗೆ ಬೀಳುತ್ತದೆ. ಗೋಡೆಯ ಮುಂದೆ ನಿಲ್ಲಿಸಿ, ಹೊಂದಿಸುವ ಸ್ಕ್ರೂ ತಿರುಗಿಸಿ ಅದನ್ನು ಅಂದೇ ತಗ್ಗಿಸಿ.